ಹೊರಗೆ ಕೂತವರಿಗೆ ಒಂದು ಪುಟ

ತಿರುವನಂತಪುರಕ್ಕೆ ಬಂದು ಇನ್ನೂ ತಿಂಗಳು ತುಂಬಿರಲಿಲ್ಲ, ಆಗಲೇ ನಾನು ಒಂದು ಮಗುವಿನ ಕೈಗೆ ನಾಯಿ ಕಟ್ಟುತ್ತೇನೆಂದು ಹೇಳಿಬಿಟ್ಟಿದ್ದೆ.

ತೊಂಬತ್ತರ ದಶಕದ ನಡುವಿನ ಮಾತು. ನನ್ನ ಗಂಡನಿಗೆ ಅಲ್ಲಿನ ಬಾಹ್ಯಾಕಾಶ ಸಂಸ್ಥೆಗೆ ವರ್ಗವಾಗಿತ್ತು. ನಾನು ಮೂಳೆ ವೈದ್ಯೆ. ಉಳ್ಳೂರ್ ಜಂಕ್ಷನ್ನಿನಿಂದ ನಡೆದೇ ಹೋಗುವಷ್ಟು ಹತ್ತಿರದ ಒಂದು ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಿದ್ದೆ. ಮೈಸೂರಿನ ಕನ್ನಡಕ್ಕೆ ಸ್ವಲ್ಪ ರಾಗ ಬೆರೆಸಿದರೆ ಮಲಯಾಳ ಆಗಿಬಿಡುತ್ತದೆ ಎಂಬ ಧೈರ್ಯ ನನ್ನದು. ಮಣಿಕಟ್ಟು ಉಳುಕಿಸಿಕೊಂಡು ಬಂದಿದ್ದ ಐದು ವರ್ಷದ ಹುಡುಗಿಯ ತಲೆ ಸವರಿ, “ಮೋಳೇ, ಕೈಯಿಲ್ ಪಟ್ಟಿ ಕೆಟ್ಟಾಂ” ಎಂದೆ. ಮಗಳೇ, ಕೈಗೆ ಪಟ್ಟಿ ಕಟ್ಟೋಣ ಎಂದು ಹೇಳಿದೆನೆಂದೇ ನನ್ನ ಲೆಕ್ಕ. ಮಗು ಅಳು ನಿಲ್ಲಿಸಿ ನನ್ನನ್ನು ದಿಟ್ಟಿಸಿ ನೋಡಿತು. ಆಮೇಲೆ ಬಹಳ ಗಂಭೀರವಾಗಿ, “ಕಡಿಕ್ಕುಮೋ?” ಎಂದು ಕೇಳಿತು. ಪಕ್ಕದಲ್ಲಿದ್ದ ನರ್ಸು ಗೋಡೆಯ ಕಡೆ ತಿರುಗಿಕೊಂಡಳು. ಅವಳ ಭುಜ ಕುಲುಕುತ್ತಿತ್ತು. ಮಲಯಾಳದಲ್ಲಿ ಪಟ್ಟಿ ಎಂದರೆ ನಾಯಿ ಎಂದು ನನಗೆ ತಿಳಿದದ್ದು ಹಾಗೆ. ಮಗು ಕೇಳಿದ್ದು ನ್ಯಾಯವಾಗಿಯೇ ಇತ್ತು, ಕಚ್ಚುತ್ತದೆಯೇ ಎಂದು.

ಅದಕ್ಕಿಂತ ಮೊದಲು, ಬಿಳಿ ಮೀಸೆಯ ಅಜ್ಜನೊಬ್ಬರು ಮುಂದೆ ಕೂತು “ಮುಟ್ಟು ವೇದನ” ಎಂದಾಗ ನಾನು ಎರಡು ಕ್ಷಣ ಕಕ್ಕಾಬಿಕ್ಕಿಯಾಗಿದ್ದೆ. ಅವರು ಪಂಚೆ ಸರಿಸಿ ಮೊಣಕಾಲು ತೋರಿಸಿದ ಮೇಲೆಯೇ ನನಗೆ ಉಸಿರು ಬಂದದ್ದು.

ನಮ್ಮ ವಿಭಾಗದ ಮುಖ್ಯಸ್ಥರನ್ನು ಎಲ್ಲರೂ ಸಾರ್ ಎನ್ನುತ್ತಿದ್ದರು, ನಾನೂ ಹಾಗೆಯೇ ಕರೆಯುತ್ತಿದ್ದೆ. ಸಣ್ಣ ಆಳು, ಗಟ್ಟಿ ಕೈ, ಮಾತು ಕಡಿಮೆ. ನನ್ನೊಡನೆ ಅವರ ಮಾತೆಲ್ಲ ಇಂಗ್ಲಿಷಿನಲ್ಲೇ. ಹೆಂಗಸಿಗೆ ಮೂಳೆ ಎಳೆದು ಕೂರಿಸುವ ತೋಳ್ಬಲ ಎಲ್ಲಿಂದ ಬರಬೇಕು ಎಂದು ಉಳಿದವರು ಅನುಮಾನಪಟ್ಟಾಗ ಅವರೊಬ್ಬರೇ ಅನುಮಾನಪಡದೆ ನನಗೆ ಕೆಲಸ ಕೊಟ್ಟಿದ್ದರು. ಒಂದು ದಿನ ಕರೆದು, “ಮಕ್ಕಳ ಮೂಳೆ, ಕೀಲು ಪೆಟ್ಟಿನ ಚಿಕಿತ್ಸೆಗೆ ಒಂದು ಮಾರ್ಗಸೂಚಿ ಬರೆಯಿರಿ” ಎಂದರು.

ಅದಕ್ಕೆ ಕಾರಣವಿತ್ತು. ಬೆಳಗಿನ ಪಾಳಿಯ ಡಾಕ್ಟರು ಹಾಕಿದ ಪ್ಲಾಸ್ಟರನ್ನು ಸಂಜೆ ಪಾಳಿಯವರು ಬಿಚ್ಚಿಸುತ್ತಿದ್ದರು. ಮೂಳೆ ಚೂರು ವಾರೆ ಕಂಡಿತು ಎಂದು ಮತ್ತೆ ಎಳೆಯುತ್ತಿದ್ದರು. ಮಕ್ಕಳ ಮೂಳೆಯ ತುದಿಯಲ್ಲಿ ಬೆಳೆಯುವ ಪದರವೊಂದು ಇರುತ್ತದೆ, ಮೂಳೆ ಉದ್ದವಾಗುವುದು ಅಲ್ಲಿಂದಲೇ. ಮತ್ತೆ ಮತ್ತೆ ಎಳೆದರೆ ಆ ಪದರಕ್ಕೆ ಪೆಟ್ಟಾಗಿ ಆ ಕೈ ಅಥವಾ ಕಾಲು ಮುಂದೆ ಗಿಡ್ಡವೋ ಸೊಟ್ಟವೋ ಆಗಬಹುದು. ಯಾರು ಪಾಳಿಯಲ್ಲಿದ್ದರೂ ಮಗುವಿಗೆ ಸಿಗುವ ಚಿಕಿತ್ಸೆ ಒಂದೇ ಆಗಿರಬೇಕು ಎನ್ನುವುದು ಸಾರ್ ಅವರ ಆಸೆ.

ನಾನು ಉತ್ಸಾಹದಲ್ಲಿ ನಲವತ್ತು ಪುಟ ಬರೆದೆ. ಸಾರ್ ಅದನ್ನು ಕೈಯಲ್ಲಿ ತೂಗಿ ನೋಡಿದರು.

“ಇದನ್ನು ಯಾರು ಓದಬೇಕು?”

“ಹೌಸ್ ಸರ್ಜನ್‌ಗಳು, ಸಾರ್.”

“ಮುಂದೆ ಮಗು ಕಿರುಚುತ್ತಿರುತ್ತದೆ, ಅಪ್ಪ ಕಿರುಚುತ್ತಿರುತ್ತಾನೆ. ಅವನು ನಲವತ್ತು ಪುಟ ತಿರುವುತ್ತಾನಾ?” ಪೆನ್ನು ತೆಗೆದು ಮೊದಲ ಪುಟದಲ್ಲೇ ಶುರು ಮಾಡಿದರು. “ಸೂಕ್ತ ಕ್ರಮ ಕೈಗೊಳ್ಳುವುದು, ಅಂತ ಬರೆದಿದ್ದೀರಿ. ಸೂಕ್ತ ಅಂದರೆ ಯಾವುದು? ಕೈಯಿಂದ ಮಾಡುವಂಥದ್ದು ಹೇಳಿ. ಎಲ್ಲಿ ಮುಟ್ಟಬೇಕು, ಏನು ನೋಡಬೇಕು, ಯಾವಾಗ ನಿಲ್ಲಿಸಬೇಕು.”

ಹೀಗೆ ನಲವತ್ತು ಇಪ್ಪತ್ತಾಯಿತು, ಇಪ್ಪತ್ತು ಹತ್ತಾಯಿತು. ಮುರಿದ ಜಾಗದ ಮೇಲಿನ ಕೀಲು, ಕೆಳಗಿನ ಕೀಲು ಎರಡೂ ಎಕ್ಸ್-ರೇಯಲ್ಲಿ ಬರಲಿ. ಪ್ಲಾಸ್ಟರಿಗೆ ಮೊದಲೂ ಆಮೇಲೂ ನಾಡಿ ನೋಡು, ಉಗುರು ಒತ್ತಿಬಿಟ್ಟು ಕೆಂಪು ಮರಳುತ್ತದೆಯೇ ನೋಡು. ಹೆಬ್ಬೆರಳು, ತೋರುಬೆರಳು ಸೇರಿಸಿ ಸೊನ್ನೆ ಮಾಡಲು ಹೇಳು. ಮಗುವಿಗೆ ಅದು ಆಟ, ನಿನಗೆ ನರದ ಪರೀಕ್ಷೆ. ಮುಂಗೈ ಮೂಳೆ ಹಸಿ ಕಡ್ಡಿಯ ಹಾಗೆ ಬಾಗಿದ್ದರೆ ಗಾಬರಿ ಬೇಡ, ಚಿಕ್ಕ ಮಗುವಿನಲ್ಲಿ ಅಲ್ಪಸ್ವಲ್ಪ ಬಾಗು ಬೆಳೆಯುತ್ತಾ ತಾನೇ ನೇರವಾಗುತ್ತದೆ. ಮೊಣಕೈ ಮಾತ್ರ ಅಷ್ಟು ಉದಾರಿಯಲ್ಲ, ಅಲ್ಲಿ ಸೊಟ್ಟ ಕೂತರೆ ಸೊಟ್ಟವೇ. ಕೊನೆಯಲ್ಲಿ ನಾನು ಖುಷಿಯಿಂದ ಬರೆದ ಇನ್ನೊಂದು ವಾಕ್ಯವಿತ್ತು: ಮಗುವಿನ ಸಂಬಂಧಿಕರು ವೈದ್ಯರೇ ಆಗಿದ್ದರೂ ಚಿಕಿತ್ಸೆಯ ಕೋಣೆಯ ಹೊರಗೇ ಇರಲಿ. ಬಂದು ಬಂದು ಸಲಹೆ ಕೊಡುವ ಡಾಕ್ಟರ್ ಮಾವಂದಿರಿಂದ ನಾವೆಲ್ಲ ಬೇಸತ್ತಿದ್ದೆವು. ಆ ವಾಕ್ಯವನ್ನು ಸಾರ್ ಹೊಡೆದುಹಾಕಲಿಲ್ಲ.

ಓಣಂ ರಜೆ ಮುಗಿದ ಮೇಲೆ ಎರ್ನಾಕುಳಂನಲ್ಲಿ ಬೇರೆ ಬೇರೆ ಆಸ್ಪತ್ರೆಗಳ ಮೂಳೆ ವೈದ್ಯರು ಸೇರುವವರಿದ್ದರು. ಅಲ್ಲಿ ಕರಡನ್ನು ಓದಿ ಅವರ ಅಭಿಪ್ರಾಯ ಕೇಳೋಣ ಎಂದು ಸಾರ್ ಹೇಳಿದರು. ನನಗೆ ಎರಡು ಪಟ್ಟು ಖುಷಿ, ಏಕೆಂದರೆ ನನ್ನ ಅಕ್ಕ ಅಲ್ಲೇ ಹತ್ತಿರದ ಏಲೂರಿನಲ್ಲಿದ್ದಳು. ಭಾವನಿಗೆ ಅಲ್ಲಿನ ಕಾರ್ಖಾನೆಯೊಂದರಲ್ಲಿ ಕೆಲಸ, ಮನೆ ಕ್ವಾರ್ಟರ್ಸಿನಲ್ಲಿ. ಕಾರ್ಖಾನೆಯ ಹೊಗೆಗೆ ಹೆದರಿ, ಗಾಳಿ ಬೀಸಿದ ದಿಕ್ಕು ನೋಡಿಕೊಂಡು ಅಕ್ಕ ಕಿಟಕಿ ತೆರೆಯುವುದೋ ಬೇಡವೋ ಎಂದು ತೀರ್ಮಾನಿಸುತ್ತಿದ್ದಳು. ಅವಳ ಮಗಳಿಗೆ ಏಳು ವರ್ಷ. ನಾವು ಕನ್ನಡದಲ್ಲಿ ಕೇಳಿದರೆ ಎಲ್ಲ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಮಲಯಾಳದಲ್ಲಿ. ಕನ್ನಡ ಬರುತ್ತಿದ್ದದ್ದು ಜಗಳಕ್ಕೆ, ಅದೂ ನಾವು ಮೂವರೇ ಇದ್ದಾಗ.

ನಾನು ಒಂದು ದಿನ ಮುಂಚೆಯೇ ಹೋದೆ. ಅಕ್ಕನಿಗೆ ಊರಿಗೆ ಕಳಿಸಲು ಮೆಣಸು, ಒಣಶುಂಠಿ ಬೇಕಿತ್ತು. ಮೂವರೂ ಎರ್ನಾಕುಳಂ ಜೆಟ್ಟಿಯಲ್ಲಿ ಪಳಂಪೊರಿ ತಿಂದು, ದೋಣಿ ಹತ್ತಿ ಮಟ್ಟಾಂಚೇರಿಗೆ ಹೊರಟೆವು. ಬಾಳೆಹಣ್ಣನ್ನು ಹಿಟ್ಟಿನಲ್ಲಿ ಅದ್ದಿ ಕರಿದ ಆ ಪಳಂಪೊರಿಯನ್ನು ಮಗು ತನ್ನದೂ ತಿಂದು ನನ್ನದರಲ್ಲೂ ಅರ್ಧ ತಿಂದಿತು. ದಡಕ್ಕಿಳಿಯುವ ಮುಂಚೆಯೇ ಶುಂಠಿಯ ವಾಸನೆ ಮೂಗಿಗೆ ಬಂತು.

ಅಂಗಡಿಯ ಹಿಂದೆಯೇ ಗೋದಾಮು. ಕೊಂಕಣಿ ಮನೆಮಾತಿನ ಯಜಮಾನರು ಅಕ್ಕನ ಕನ್ನಡ ಕೇಳಿ ಖುಷಿಯಾಗಿ, ತಾವೂ ಒಂದಿಷ್ಟು ಕನ್ನಡ ಜೋಡಿಸಿ ಮಾತಾಡುತ್ತಾ ಮೆಣಸನ್ನು ಅಂಗೈಗೆ ಸುರಿದು ತೋರಿಸುತ್ತಿದ್ದರು. ನಾವಿಬ್ಬರೂ ಕಾಳು ಬಾಯಿಗೆ ಹಾಕಿ ಖಾರ ನೋಡುತ್ತಿದ್ದಾಗ ಮಗು ಗೋಣಿಚೀಲಗಳ ಮೆಟ್ಟಿಲು ಹತ್ತಿತ್ತು. ಧಪ್ಪೆಂದು ಸದ್ದಾಯಿತು. ಆಮೇಲೆ ಅಳು.

ಓಡಿ ಹೋಗಿ ನೋಡಿದರೆ ಎಡ ಮೊಣಕೈ ಆಗಲೇ ಊದುತ್ತಿತ್ತು. ಕೈ ಊರಿ ಬಿದ್ದಿದ್ದಾಳೆ. ಇಂಥ ಮೊಣಕೈಗಳನ್ನು ನಾನು ವಾರಕ್ಕೆ ಎಷ್ಟೋ ನೋಡುತ್ತಿದ್ದವಳು. ಆದರೂ ಆ ಗಳಿಗೆಯಲ್ಲಿ ನನ್ನ ತಲೆಯಲ್ಲಿ ಒಂದು ಅಕ್ಷರವೂ ಇರಲಿಲ್ಲ. “ಅಯ್ಯೋ ಅಯ್ಯೋ” ಎನ್ನುತ್ತಿದ್ದವಳು ಅಕ್ಕ ಎಂದುಕೊಂಡಿದ್ದೆ, ಆಮೇಲೆ ನೋಡಿದರೆ ನಾನೇ.

ಅಕ್ಕ ಬಾಯಿಗೆ ಸೆರಗು ಹಿಡಿದು ನಿಂತಿದ್ದಳು. “ಏನಾದ್ರೂ ಮಾಡೇ. ನೀನು ಡಾಕ್ಟ್ರಲ್ವೇನೇ?” ಎಂದಳು.

ಆಗ ಕೈಗಳು ತಮ್ಮ ಪಾಡಿಗೆ ಕೆಲಸಕ್ಕೆ ಇಳಿದವು. ಯಜಮಾನರು ಟೇಬಲ್ಲಿನ ಮೇಲಿದ್ದ ದಿನಪತ್ರಿಕೆ ಕೊಟ್ಟರು, ಹೆಗಲ ಮೇಲಿನ ತೋರ್ತು, ಎಂದರೆ ಆ ತೆಳ್ಳನೆಯ ಅಂಗವಸ್ತ್ರ, ಅದನ್ನೂ ಕೊಟ್ಟರು. ಕೈಯನ್ನು ನೇರ ಮಾಡಲು ಹೋಗದೆ, ಇದ್ದ ಹಾಗೆಯೇ, ಪತ್ರಿಕೆ ಮಡಚಿ ದಬ್ಬೆಯಾಗಿ ಇಟ್ಟು, ತೋರ್ತಿನಿಂದ ಕಟ್ಟಿದೆ. ಮಣಿಕಟ್ಟಿನಲ್ಲಿ ನಾಡಿ ಸಿಕ್ಕಿತು. ಉಗುರು ಒತ್ತಿಬಿಟ್ಟೆ, ಕೆಂಪು ಮರಳಿತು.

“ಮಗೂ, ಈ ಎರಡು ಬೆರಳು ಸೇರಿಸಿ ಸೊನ್ನೆ ಮಾಡು ನೋಡೋಣ.”

ಕಣ್ಣೀರು, ಸಿಂಬಳ ಎರಡೂ ಇಳಿಯುತ್ತಿದ್ದ ಮುಖ ಎತ್ತಿ ಅವಳು, “ಇದ್ ಕಳಿಯಾಣೋ ಚಿಕ್ಕೀ?” ಎಂದಳು. ಇದೇನು ಆಟವಾ ಎಂದು.

“ಹೂಂ, ಆಟಾನೇ.”

ಮೂಗೆಳೆಯುತ್ತಾ ಬೆರಳು ಸೇರಿಸಿ ಸೊನ್ನೆ ಮಾಡಿದಳು. ಯಾವ ಪರೀಕ್ಷೆಯಲ್ಲಿ ಯಾರು ತೆಗೆದ ಸೊನ್ನೆಯೂ ನನಗೆ ಅಷ್ಟು ಸಂತೋಷ ಕೊಟ್ಟಿಲ್ಲ. ಯಜಮಾನರು ಪಾಪ, ಮಗುವಿಗೆಂದು ಹಾಲು ಹಾಕಿದ ಚಹಾ ತರಿಸಿದ್ದರು. ಬೇಡ, ಅರಿವಳಿಕೆ ಕೊಡಬೇಕಾಗಬಹುದು, ಹೊಟ್ಟೆ ಖಾಲಿ ಇರಲಿ ಎಂದೆ. ಹಾಗೆನ್ನುವಾಗಲೇ ಒಂದೂವರೆ ಪಳಂಪೊರಿ ನೆನಪಾಯಿತು.

ದೋಣಿಗೆ ಕಾಯದೆ ಆಟೋ ಹಿಡಿದು ಸೇತುವೆಗಳ ಮೇಲಿಂದ ಎರ್ನಾಕುಳಂಗೆ ಬಂದು, ದಾರಿಯಲ್ಲಿ ಮೊದಲು ಸಿಕ್ಕ ದೊಡ್ಡ ಆಸ್ಪತ್ರೆಗೆ ಹೋದೆವು. ಅಲ್ಲಿದ್ದದ್ದು ಕನ್ನಡಕದ ಯುವ ಡಾಕ್ಟರು. ಎಕ್ಸ್-ರೇ ತೆಗೆಸಿದರು. ಮೊಣಕೈಯ ಸ್ವಲ್ಪ ಮೇಲೆ ಮುರಿದು, ಮೂಳೆ ಹಿಂದಕ್ಕೆ ವಾಲಿತ್ತು. ಅರಿವಳಿಕೆ ಕೊಟ್ಟು ಕೂರಿಸಬೇಕು, ಆದರೆ ಮಗು ತಿಂದಿರುವುದರಿಂದ ಸಂಜೆಯವರೆಗೆ ಕಾಯಬೇಕು ಎಂದರು. ಎಲ್ಲವೂ ಸರಿಯಾಗಿಯೇ ಇತ್ತು. ಸಂಜೆ ಮಗುವನ್ನು ಒಳಗೆ ಕರೆದೊಯ್ಯುವಾಗ ನಾನೂ ಹಿಂದೆಯೇ ಹೊರಟೆ.

“ನಾನೂ ಮೂಳೆ ಡಾಕ್ಟರೇ” ಎಂದೆ.

“ಹಾಗಾದರೆ ನಿಮಗೆ ಗೊತ್ತಿರುತ್ತೆ, ಮೇಡಂ” ಎಂದು ಅವರು ವಿನಯವಾಗಿ ಬಾಗಿಲು ಮುಚ್ಚಿದರು.

ಬಾಗಿಲಿನ ಆ ಕಡೆ ನಾನು ಎಷ್ಟು ವರ್ಷ ಇದ್ದೆನೋ, ಈ ಕಡೆ ಕೂತದ್ದು ಅದೇ ಮೊದಲು. ಮರದ ಬೆಂಚು. ಎದುರಿಗೆ ಕೈ ತೊಳೆಯುವ ತೊಟ್ಟಿ, ಅದರ ನಲ್ಲಿ ತೊಟ್ಟಿಕ್ಕುತ್ತಿತ್ತು. ಈ ಕೆಲಸಕ್ಕೆ ಎಷ್ಟು ಹೊತ್ತು ಬೇಕೆಂದು ನನಗೆ ಚೆನ್ನಾಗಿ ಗೊತ್ತು. ಅಷ್ಟು ಹೊತ್ತು ಕಳೆಯಿತು. ಬಾಗಿಲು ತೆರೆಯಲಿಲ್ಲ. ಏನಾಗಿರಬಹುದು ಎಂದು ನನಗೆ ಹೊಳೆಯುವ ಸಾಧ್ಯತೆಗಳು ಅಕ್ಕನಿಗಿಂತ ಜಾಸ್ತಿ, ಎಲ್ಲಕ್ಕೂ ಇಂಗ್ಲಿಷಿನಲ್ಲಿ ಹೆಸರೂ ಇತ್ತು.

“ಕೈ ಸೊಟ್ಟ ಆಗ್ಬಿಡತ್ತೇನೇ?” ಅಕ್ಕ ಕೇಳಿದಳು.

“ಇಲ್ಲ ಕಣೇ. ಸರಿಯಾಗಿ ಕೂರಿಸ್ತಾರೆ.”

“ಮತ್ಯಾಕೆ ಯಾರೂ ಬರ್ತಿಲ್ಲ?”

“ಬರ್ತಾರೆ” ಎಂದೆ. ನಾನು ಹೇಳಿದ್ದನ್ನು ಅವಳು ಕೇಳಿಸಿಕೊಳ್ಳುತ್ತಿದ್ದಳೇ ಹೊರತು ಕಣ್ಣೆಲ್ಲ ಬಾಗಿಲ ಮೇಲೆ. ಒಳಗಿನಿಂದ ಬಂದವರು ಹೇಳಿದರೆ ಮಾತ್ರ ಅದು ನಿಜ, ತಂಗಿ ಹೇಳಿದ್ದು ಬರೀ ಸಮಾಧಾನ.

ಬೆಂಚಿನ ಆ ತುದಿಯಲ್ಲಿ ಇನ್ನೊಬ್ಬ ತಾಯಿ ಕೂತಿದ್ದಳು. ಮೂರು ವರ್ಷದ ಮಗುವಿಗೆ ತೊಡೆಮೂಳೆ ಮುರಿದಿತ್ತು. ನಾನು ಡಾಕ್ಟರ್ ಎನ್ನುವುದು ಅವಳ ಕಿವಿಗೆ ಬಿದ್ದಿತ್ತು. ಮೆಲ್ಲಗೆ ಸರಿದು ಬಂದು, ಕಾಲಿಗೆ ತೂಕ ಕಟ್ಟಿ ಎಳೆಯುತ್ತಾರಂತೆ, ಕಾಲು ಕಿತ್ತು ಬರುವುದಿಲ್ಲವೇ ಎಂದು ಕೇಳಿದಳು. ಅವಳು ಬೆಳಗಿನಿಂದ ಆ ಪ್ರಶ್ನೆಯನ್ನು ಹೊಟ್ಟೆಯಲ್ಲಿಟ್ಟುಕೊಂಡು ಕೂತಿದ್ದಳು. ನಾನು ನನ್ನ ಹರಕು ಮಲಯಾಳದಲ್ಲಿ, ಪಟ್ಟಿ ಎನ್ನುವ ಶಬ್ದ ತಪ್ಪಿಸಿಕೊಂಡು, ಅದು ಹೇಗೆ, ಏಕೆ ಎಂದು ವಿವರಿಸಿದೆ. ಅವಳು ದೊಡ್ಡದಾಗಿ ಉಸಿರುಬಿಟ್ಟು ತನ್ನ ಬುತ್ತಿಯ ಚೀಲ ಬಿಚ್ಚಿದಳು. ಬೆಳಗಿನಿಂದ ಏನೂ ತಿಂದಿರಲಿಲ್ಲವಂತೆ.

ಕರಡು ನನ್ನ ಕೈಚೀಲದಲ್ಲೇ ಇತ್ತು. ತೆಗೆದು, ಅಲ್ಲೇ ಕೂತು ಮೊದಲ ಪುಟದಿಂದ ಕೊನೆಯವರೆಗೆ ಓದಿದೆ. ಮಗುವಿನ ಮೂಳೆ, ನರ, ರಕ್ತನಾಳ, ಎಲ್ಲದರ ಬಗ್ಗೆಯೂ ಇತ್ತು. ಬೆಂಚಿನ ಮೇಲೆ ಕೂತವರ ಬಗ್ಗೆ ಇದ್ದದ್ದು ಅವರನ್ನು ಹೊರಗಿಡಿ ಎಂಬ ಒಂದೇ ಮಾತು. ಕೊನೆಯ ಹಾಳೆಯ ಹಿಂಬದಿಗೆ ಪೆನ್ನು ಹಚ್ಚಿದೆ.

ಒಳಗೆ ಕರೆದೊಯ್ಯುವ ಮುಂಚೆ ಏನು ಮಾಡುತ್ತೀರಿ, ಎಷ್ಟು ಹೊತ್ತಾಗುತ್ತದೆ ಎಂದು ತಾಯಿತಂದೆಗೆ ಅವರ ಮಾತಿನಲ್ಲಿ ಹೇಳಿ. ತಡವಾದರೆ ಒಬ್ಬರನ್ನು ಹೊರಗೆ ಕಳಿಸಿ ತಡ ಎಂದು ತಿಳಿಸಿ, ಕಾರಣ ಆಮೇಲೆ ಹೇಳಿದರೂ ಸರಿ. ಮುಗಿದ ಮೇಲೆ ನಿಂತು ಹೇಳಿ ಓಡಬೇಡಿ, ಕೂತು ಹೇಳಿ. ಬೆರಳು ತೋರಿಸಿ, ನೀಲಿಯಾದರೆ, ತಣ್ಣಗಾದರೆ, ನೋವು ಇಳಿಯುವ ಬದಲು ಏರಿದರೆ ಯಾವ ಹೊತ್ತಾದರೂ ಬರಬೇಕು ಎಂದು ಅವರಿಂದಲೇ ಒಮ್ಮೆ ಹೇಳಿಸಿ.

ಬರೆಯುತ್ತಿರುವಾಗ ಬಾಗಿಲು ತೆರೆಯಿತು. ಕನ್ನಡಕದ ಡಾಕ್ಟರು, “ಚೆನ್ನಾಗಿ ಕೂತಿದೆ” ಎಂದು ಹೇಳಿ ಮುಂದಿನ ಮಗುವಿನ ಕಡೆ ಹೋದರು. ಅರಿವಳಿಕೆಯವರು ಬರುವುದೇ ತಡವಾಗಿತ್ತಂತೆ, ಅಷ್ಟೇ. ಮಗು ಅರೆನಿದ್ದೆಯಲ್ಲಿ, ಮೊಣಕೈ ಮಡಚಿದ ಬಿಳಿ ಪ್ಲಾಸ್ಟರಿನಲ್ಲಿ ಹೊರಬಂತು. ನಾನು ಮೊದಲು ಬೆರಳು ನೋಡಿದೆ, ಅಕ್ಕ ಮೊದಲು ಮುಖ ನೋಡಿದಳು.

ಮರುದಿನ ಸಭೆಯಲ್ಲಿ ಕರಡು ಓದಿದೆ. ಮೂಳೆಯ ವಿಷಯಕ್ಕೆ ಒಂದೆರಡು ತಿದ್ದುಪಡಿ ಬಂದವು, ಒಳ್ಳೆಯವೇ. ಹೊಸ ಪುಟಕ್ಕೆ ಬಂದಾಗ ಮುಂದಿನ ಸಾಲಿನ ಹಿರಿಯರೊಬ್ಬರು ಕೈ ಎತ್ತಿದರು. “ಇದು ಸಭ್ಯತೆಯ ವಿಷಯ, ಚಿಕಿತ್ಸೆಯದಲ್ಲ. ಮಾರ್ಗಸೂಚಿಯಲ್ಲಿ ಏಕೆ?”

ನಾನು ಸಾರ್ ಕಡೆ ನೋಡಿದೆ. ಆ ಪುಟವನ್ನು ಅವರು ಬೆಳಿಗ್ಗೆಯಷ್ಟೇ ಓದಿದ್ದರು. ಪೆನ್ನು ತೆಗೆಯದೆ ಹಿಂತಿರುಗಿಸಿದ್ದರು. ನಾನು ಉತ್ತರ ಜೋಡಿಸುತ್ತಿರುವಾಗ ಹಿಂದಿನ ಸಾಲಿನಲ್ಲಿ ಯಾರೋ ಎದ್ದರು. ಅದೇ ಕನ್ನಡಕ.

“ನಿನ್ನೆ ಇವರ ಮನೆಯ ಮಗುವಿನ ಮೊಣಕೈ ಕೂರಿಸಿದ್ದು ನಾನು” ಎಂದರು. “ಬೆರಳು ನೀಲಿಯಾದರೆ ಬನ್ನಿ ಎಂದು ಹೇಳಲು ಮರೆತೆ. ಇವರು ಡಾಕ್ಟರ್, ಇವರಿಗೆ ಗೊತ್ತಿತ್ತು. ನಿನ್ನೆ ಇನ್ನೂ ನಾಲ್ಕು ಮಕ್ಕಳಿಗೆ ಪ್ಲಾಸ್ಟರ್ ಹಾಕಿದೆ. ಅವರ ಮನೆಯವರಿಗೆ ಹೇಳಿದೆನೋ ಇಲ್ಲವೋ, ನನಗೆ ನೆನಪಿಲ್ಲ. ಬರೆದಿದ್ದರೆ ನೆನಪಿರುತ್ತಿತ್ತು. ಇವರು ಆ ಪುಟ ಓದುತ್ತಿರುವಾಗಲೇ ಎದ್ದು ಹೋಗಿ, ಅವರಿಗೆ ಹೇಳಿಸಲು ವಾರ್ಡಿಗೆ ಫೋನ್ ಮಾಡಿ ಬಂದೆ.”

ಹಿರಿಯರು, “ಇರಲಿ, ಆದರೆ ಕೊನೆಯಲ್ಲಿ ಬೇಡ. ಮೊದಲ ಪುಟಕ್ಕೆ ಹಾಕಿ” ಎಂದರು. ಸಾರ್ ಆಗ ಮೊದಲ ಸಲ ನಕ್ಕರು.

ಮೂರು ವಾರದ ಮೇಲೆ ಪ್ಲಾಸ್ಟರ್ ಬಿಚ್ಚಿದರು. ಮೂಳೆ ನೆಟ್ಟಗೆ ಕೂಡಿತ್ತು. ಆದರೆ ಕೈ ಮಾತ್ರ ಮಡಚಿದ್ದು ಮಡಚಿದ ಹಾಗೇ. ಮಗು ಅದನ್ನು ಹೊಟ್ಟೆಗೆ ಒತ್ತಿ ಹಿಡಿದು, ಬೆಕ್ಕಿನ ಮರಿಯನ್ನು ಎತ್ತಿಕೊಂಡವಳ ಹಾಗೆ ಓಡಾಡುತ್ತಿದ್ದಳು. ಯಾರಾದರೂ ಹತ್ತಿರ ಬಂದರೆ, “ವೇಂಡ, ವೇಂಡ.” ಬೇಡವೇ ಬೇಡ. ಪಕ್ಕದ ಮನೆಯ ಅಮ್ಮೂಮ್ಮ, ಎಂದರೆ ಆ ಕ್ವಾರ್ಟರ್ಸಿನ ಮಕ್ಕಳಿಗೆಲ್ಲ ಅಜ್ಜಿ, ಒಳ್ಳೆಯ ಎಣ್ಣೆ ಹಚ್ಚಿ ತಿಕ್ಕಿಸಿ ಎಳೆದರೆ ಸರಿಹೋಗುತ್ತದೆ ಎಂದರು. ತಿಕ್ಕುವವರನ್ನೂ ಗೊತ್ತುಮಾಡಿದರು.

ಅಕ್ಕ ಎಸ್‌ಟಿಡಿ ಬೂತಿನಿಂದ ಫೋನ್ ಮಾಡಿದಳು.

“ತಿಕ್ಕಿಸಬೇಡ ಅಕ್ಕ. ಮೊಣಕೈ ತಿಕ್ಕಿ ಎಳೆದರೆ ಮಾಂಸದೊಳಗೇ ಮೂಳೆ ಬೆಳೆಯೋ ಹಾಗಾಗಬಹುದು. ಆಮೇಲೆ ನಿಜವಾಗ್ಲೂ ಬಗ್ಗಲ್ಲ.”

“ಸುಮ್ನೆ ಬಿಟ್ರೆ ತಾನೇ ಸರಿಹೋಗತ್ತೆ ಅಂತೀಯಾ?”

“ಆಡ್ಲಿ ಬಿಡು. ಆಡ್ತಾ ಆಡ್ತಾ ಬಿಡಿಸ್ಕೋತಾಳೆ. ಪುಸ್ತಕದಲ್ಲೂ ಹಾಗೇ ಇದೆ, ನಾನೂ ಹಾಗೇ ಬರ್ದಿದೀನಿ.”

“ನೀನು ಬರ್ದಿರೋದನ್ನ ಇವಳು ಓದಿಲ್ವಲ್ಲೇ” ಎಂದಳು ಅಕ್ಕ. ತಿಕ್ಕಿಸಲಿಲ್ಲ, ಆದರೆ ನಂಬಲೂ ಇಲ್ಲ. ದಿನಾ ಸಂಜೆ ಮಗುವಿನ ಕೈ ನೋಡಿ ಮುಖ ಸಣ್ಣ ಮಾಡಿಕೊಳ್ಳುತ್ತಿದ್ದಳಂತೆ.

ದೀಪಾವಳಿಗೆ ನಾನೂ ನನ್ನ ಗಂಡನೂ ಏಲೂರಿಗೆ ಹೋದೆವು. ಆ ಸಲ ಹಬ್ಬದ ಬೆನ್ನಿಗೇ ಸೂರ್ಯಗ್ರಹಣ. ಬೆಳಗಿನ ಹೊತ್ತು, ಕ್ವಾರ್ಟರ್ಸಿನ ಮಕ್ಕಳೆಲ್ಲ ಅಂಗಳದಲ್ಲಿದ್ದರು. ಮನೆಮನೆಯಿಂದ ಹಳೆಯ ಎಕ್ಸ್-ರೇ ಹಾಳೆಗಳು ಹೊರಬಂದಿದ್ದವು. ಆಗೆಲ್ಲ ಅದರಲ್ಲೇ ಗ್ರಹಣ ನೋಡುವ ರೂಢಿ. ಯಾರದೋ ಎದೆಗೂಡು, ಯಾರದೋ ಹಲ್ಲು. ಅಕ್ಕನ ಮಗಳು ತನ್ನ ಮೊಣಕೈಯ ಚಿತ್ರ ಹಿಡಿದು ಬಂದಳು, ಅದೂ ಎಡಗೈಯಲ್ಲಿ, ಏಕೆಂದರೆ ಬಲಗೈಯಲ್ಲಿ ಚಕ್ಕುಲಿ ಇತ್ತು.

ನನ್ನ ಗಂಡ ರಟ್ಟಿಗೆ ಸೂಜಿಯಿಂದ ತೂತು ಮಾಡಿ, ಗ್ರಹಣದ ಬಿಂಬ ನೆಲದ ಮೇಲಿನ ಬಿಳಿ ಹಾಳೆಗೆ ಬೀಳುವ ಹಾಗೆ ಹಿಡಿದು ಕಾಯುತ್ತಿದ್ದ. ನೋಡಲು ಒಬ್ಬರೂ ಬಂದಿರಲಿಲ್ಲ. ಎಕ್ಸ್-ರೇ ಕಂಡದ್ದೇ ರಟ್ಟು ಬಿಸಾಕಿ ಎದ್ದ.

“ಅದರಲ್ಲಿ ನೋಡಬಾರದು, ಕಣ್ಣು ಹಾಳಾಗತ್ತೆ. ಕೊಡಿಲ್ಲಿ.”

“ತರಿಲ್ಲ” ಎಂದಳು. ಕೊಡುವುದಿಲ್ಲ.

ಅವನು ಕೈಚಾಚಿದ. ಅವಳು ಸರಿದಳು. ಅವನು ಬೆನ್ನುಹತ್ತಿದ, ಅವಳು ತುಳಸಿಕಟ್ಟೆ ಸುತ್ತು ಹಾಕಿ ಓಡಿದಳು, ಉಳಿದ ಮಕ್ಕಳು ಕೇಕೆ ಹಾಕಿದರು. ಮೂಲೆಯಲ್ಲಿ ಸಿಕ್ಕಿಬೀಳುವ ಹೊತ್ತಿಗೆ ಅವಳು ಹಾಳೆಯನ್ನು ಅವನಿಗೆ ಸಿಗದ ಹಾಗೆ ತಲೆಯ ಮೇಲೆ, ಹಿಂದಕ್ಕೆ, ಎಷ್ಟು ದೂರ ಆಗುತ್ತದೋ ಅಷ್ಟು ದೂರ ಚಾಚಿ ಹಿಡಿದಳು.

ಅಕ್ಕ ಬಾಗಿಲಲ್ಲಿ ನಿಂತಿದ್ದಳು. “ನೋಡೇ” ಎಂದಳು, ದನಿಯೇ ಇಲ್ಲದೆ.

ನಾನು ನೋಡುತ್ತಿದ್ದೆ. ಭುಜದಿಂದ ಬೆರಳಿನವರೆಗೆ ಹೆಚ್ಚುಕಡಿಮೆ ಒಂದೇ ಗೆರೆ. ಕೊನೆಯ ಒಂದಿಷ್ಟು ಬಾಕಿ ಇತ್ತು, ಅದು ಮುಂದಿನ ತಿಂಗಳುಗಳಲ್ಲಿ ಬಂತು. ನನ್ನ ಗಂಡ ಹಾಳೆ ಕಿತ್ತುಕೊಂಡ. ಅವಳಿಗೆ ತನ್ನ ಕೈ ಏನು ಮಾಡಿತೆಂದು ಗೊತ್ತೇ ಆಗಿರಲಿಲ್ಲ, ಗೊತ್ತಾದದ್ದು ಹಾಳೆ ಹೋದದ್ದು ಮಾತ್ರ. ಸೊಂಟದ ಮೇಲೆ ಎರಡೂ ಕೈ ಇಟ್ಟು, “ಚಿಕ್ಕಪ್ಪ, ನೀನು ತುಂಬಾ ಕೆಟ್ಟೋನು” ಎಂದು ಎಲ್ಲರೆದುರೇ ಸ್ಪಷ್ಟ ಕನ್ನಡದಲ್ಲಿ ಬೈದಳು. ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡು, ಮಗಳನ್ನು ಎಳೆದುಕೊಂಡು ಹೋಗಿ, ನೆಲದ ಮೇಲಿನ ಬಿಳಿ ಹಾಳೆಯ ಮುಂದೆ ಕೂರಿಸಿದಳು. ನನ್ನ ಗಂಡ ರಟ್ಟನ್ನು ಮತ್ತೆ ಎತ್ತಿ ಹಿಡಿದ, ಅಲ್ಲಿ ಕಚ್ಚಿದ ಹಪ್ಪಳದಂಥ ಪುಟ್ಟ ಸೂರ್ಯ ಬಿದ್ದ. ಉಳಿದ ಮಕ್ಕಳೂ ಒಬ್ಬೊಬ್ಬರಾಗಿ ಬಂದು ಸುತ್ತ ಕೂತರು, ಮತ್ತು ನನ್ನ ಗಂಡ ಬಹಳ ಹೊತ್ತು ವಿವರಿಸಿದ.